ಗಟ್ಟಿಯಕ್ಕ ಹತ್ತದ ಮೆಟ್ಟಿಲು

ಗಾಜಿನ ಮೇಸ್ತ್ರಿಯ ಹೆಂಡತಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಹಿಡಿದು ಕರೆಯುವವರು ಈಗ ಯಾರೂ ಇಲ್ಲ. ಗಂಡನ ಕೆಲಸಗಾರರು ಗಟ್ಟಿಯಕ್ಕ ಎಂದರು, ಅವಳ ಪರದೆ ಅಂಗಡಿಗೆ ಬರುವ ಗಿರಾಕಿಗಳೂ ಗಟ್ಟಿಯಕ್ಕ ಎಂದರು, ಕೊನೆಗೆ ಸ್ವಂತ ಅತ್ತೆಯೇ ಸಿಟ್ಟು ಬಂದಾಗ "ಏ ಗಟ್ಟಿ" ಎಂದು ಕೂಗತೊಡಗಿದರು. ಹೆಸರು ಕೇಳಿ ಜಗಳಗಂಟಿ ಎಂದುಕೊಳ್ಳಬೇಡಿ. ಜಗಳದಲ್ಲಿ ಅವಳೇನೂ ಹಿಂದೆ ಬೀಳುವವಳಲ್ಲ, ಆ ಮಾತು ಬೇರೆ. ಹೆಸರು ಬಂದದ್ದು ಮೆಟ್ಟಿಲಿನಿಂದ.

ಮೇಸ್ತ್ರಿ ಮೊದಮೊದಲು ಕಿಟಕಿ, ಕನ್ನಡಿ, ಅಂಗಡಿಯ ಮುಂಭಾಗದ ಗಾಜು ಕೂರಿಸುತ್ತಿದ್ದವನು. ಆಮೇಲೆ ಜನಕ್ಕೆ ಬೆಳಕಿನ ಹುಚ್ಚು ಹಿಡಿಯಿತು. ಗೋಡೆಯೂ ಗಾಜು, ಬಾಗಿಲೂ ಗಾಜು, ಅಷ್ಟು ಸಾಲದೆ ಕಾಲಿಡುವ ಮೆಟ್ಟಿಲೂ ಗಾಜೇ ಆಗಬೇಕು ಎಂದರು. ಮೇಸ್ತ್ರಿ ಕಲಿತ, ಕಟ್ಟಿದ. ಅವನು ಕಟ್ಟಿದ ಮೊದಲ ಗಾಜಿನ ಮೆಟ್ಟಿಲು ಒಬ್ಬ ನಿವೃತ್ತ ಟೀಚರ್ ಮನೆಯಲ್ಲಿತ್ತು. ಸೊಸೆ ಆಸೆಪಟ್ಟು ಮಾಡಿಸಿದ್ದಳು. ಕೆಲಸ ಮುಗಿದ ದಿನ ಟೀಚರ್ ಒಂದು ಕಾಲು ಇಟ್ಟರು, ಕೆಳಗೆ ನೋಡಿದರು, ಕಾಲಡಿಯಲ್ಲಿ ನೆಲವೂ ನೆಲದ ಮೇಲೆ ಮಗನ ಚಪ್ಪಲಿಯೂ ಕಂಡವು, ಕಾಲು ಹಿಂದಕ್ಕೆಳೆದುಕೊಂಡರು.

"ನಾನು ಕೆಳಗೇ ಇರ್ತೀನಪ್ಪಾ. ಮೇಲೆ ಏನೇನಿದೆ ಅಂತ ಫೋಟೋ ತೆಗೆದು ತೋರಿಸ್ಬಿಡಿ" ಎಂದರು.

ಮಗ ಹೇಳಿದ, ಸೊಸೆ ಹೇಳಿದಳು, ಮೇಸ್ತ್ರಿ ತಾನೇ ನಾಲ್ಕು ಸಲ ಹತ್ತಿ ಇಳಿದು ತೋರಿಸಿದ. ಟೀಚರ್ ಜಪ್ಪಯ್ಯ ಎನ್ನಲಿಲ್ಲ. "ನೀನು ಕಡ್ಡಿ ಹಾಗಿದ್ದೀಯ, ನಿನ್ನನ್ನ ಹೊಗೆ ಬೇಕಾದ್ರೂ ಹೊರುತ್ತೆ" ಎಂದುಬಿಟ್ಟರು. ಆ ಹೊತ್ತಿಗೆ ಸರಿಯಾಗಿ ಮೇಸ್ತ್ರಿಯ ಹೆಂಡತಿ ಊಟದ ಡಬ್ಬಿ ಹಿಡಿದು ಒಳಗೆ ಬಂದಳು. ಅವಳು ಬಾಗಿಲಲ್ಲಿ ನಿಂತರೆ ಬಾಗಿಲು ತುಂಬುತ್ತದೆ. ಟೀಚರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವರು ಹತ್ತಿದ್ರೆ ನಾನೂ ಹತ್ತೀನಿ."

ಮೇಸ್ತ್ರಿ ನಗು ತಡೆದುಕೊಂಡು, "ಹತ್ತೇ, ಏನೂ ಆಗಲ್ಲ" ಎಂದ. ಬೇರೆಯವರಾಗಿದ್ದರೆ ಮುಖ ಊದಿಸಿಕೊಂಡು ಹೊರಟುಹೋಗುತ್ತಿದ್ದರೇನೋ. ಇವಳು ಚಪ್ಪಲಿ ಬಿಟ್ಟು ಹತ್ತಿದಳು. ಅರ್ಧ ಹತ್ತುವಷ್ಟರಲ್ಲಿ ಮೊಣಕಾಲು ನಡುಗಲು ಶುರುವಾಯಿತು. ಕೆಳಗೆ ನೋಡಬಾರದು ಅಂದುಕೊಂಡಷ್ಟೂ ಕಣ್ಣು ಕೆಳಗೇ ಹೋಗುತ್ತಿತ್ತು. ನಡುಕ ಯಾರಿಗೂ ಕಾಣದಿರಲಿ ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿ, ಡಬ್ಬಿಯ ಮುಚ್ಚಳ ತೆಗೆದು, "ಬನ್ನಿ, ಊಟ ಆರಿಹೋಗುತ್ತೆ" ಎಂದು ಗಂಡನನ್ನು ಕರೆದಳು. ಗಂಡ ಹೋಗಿ ಪಕ್ಕದಲ್ಲಿ ಕೂತ. ಇಬ್ಬರೂ ಉಂಡರು. ಟೀಚರ್ ನಗುತ್ತ ನಗುತ್ತಲೇ ಹತ್ತಿ, ಇವರನ್ನು ದಾಟಿಕೊಂಡು ಮೇಲಕ್ಕೆ ಹೋಗಿಬಿಟ್ಟರು.

ಸುದ್ದಿಗೆ ಕಾಲು ಬಂದವು. ಮುಂದಿನ ಗಿರಾಕಿ ತಾನಾಗಿಯೇ, "ನಿಮ್ಮ ಮನೆಯವರು ಬಂದು ಹತ್ತಿ ತೋರಿಸ್ತಾರಂತಲ್ಲ?" ಎಂದು ಕೇಳಿದರು. ಹಾಗೆ ಅದು ರೂಢಿಯಾಯಿತು. ಮನೆಯಾಗಲಿ, ಆಸ್ಪತ್ರೆಯಾಗಲಿ, ಆಭರಣದ ಅಂಗಡಿಯಾಗಲಿ, ಮೇಸ್ತ್ರಿ ಕಟ್ಟಿದ ಮೆಟ್ಟಿಲನ್ನು ಮೊದಲು ಹತ್ತುವವಳು ಗಟ್ಟಿಯಕ್ಕ. ಅವಳು ಹತ್ತಿ ಇಳಿದರೆ ಮೆಟ್ಟಿಲು ಗಟ್ಟಿ, ಕೆಲಸ ಮುಗಿದ ಲೆಕ್ಕ. ಬೇರೆ ಮೇಸ್ತ್ರಿಗಳು ಕಾಗದದ ಮೇಲೆ ಗ್ಯಾರಂಟಿ ಬರೆದುಕೊಡುತ್ತಿದ್ದರು. ಇವನ ಗ್ಯಾರಂಟಿ ಮೈ ತುಂಬಿಕೊಂಡು ನಡೆದೇ ಬರುತ್ತಿತ್ತು.

ಅವಳೇನು ಸುಮ್ಮನೆ ಹತ್ತಿ ಇಳಿಯುತ್ತಿರಲಿಲ್ಲ. ಹತ್ತುವವರ ಕಷ್ಟ ಹತ್ತುವವರಿಗೇ ಗೊತ್ತು. ಮೆಟ್ಟಿಲು ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಅಂಚಿಗೊಂದು ಗೆರೆ ಹಾಕಿ ಎಂದಳು. ಒದ್ದೆ ಕಾಲಿಗೆ ಜಾರುತ್ತದೆ, ಆ ಗೆರೆಯನ್ನೇ ಒರಟು ಮಾಡಿ ಎಂದಳು. ಒಮ್ಮೆ ಒಂದು ಬಟ್ಟೆ ಅಂಗಡಿಯಲ್ಲಿ ಹತ್ತಿ ಇಳಿದು ಬಂದು, ಗಂಡನನ್ನು ಪಕ್ಕಕ್ಕೆ ಕರೆದು, "ಕೆಳಗೆ ನಿಂತು ತಲೆ ಎತ್ತಿದ್ರೆ ಎಲ್ಲಾ ಕಾಣುತ್ತಲ್ರೀ, ಹೆಂಗಸರು ಹೇಗೆ ಹತ್ತೋದು? ಗಂಡಸ್ರಿಗೆ ಬುದ್ಧಿ ಎಲ್ಲಿರುತ್ತೆ?" ಎಂದು ತರಾಟೆಗೆ ತೆಗೆದುಕೊಂಡಳು. ಅವತ್ತಿನಿಂದ ಮೇಸ್ತ್ರಿ ಮಂಜಿನಂಥ ಗಾಜು ಬಿಟ್ಟು ಬೇರೆ ಹಾಕಲಿಲ್ಲ.

ಗಾಜಿನ ವಿದ್ಯೆ ಅವಳಿಗೆ ಊಟದ ಹೊತ್ತಿನಲ್ಲಿ ಕಿವಿಗೆ ಬಿದ್ದಷ್ಟೇ. ಮೇಸ್ತ್ರಿ ತಟ್ಟೆಯ ಮುಂದೆ ಕೂತರೆ ಅದೇ ಪುರಾಣ. ಒಂದೊಂದು ಮೆಟ್ಟಿಲಿಗೂ ಮೂರು ಗಾಜಿನ ಹಾಳೆ, ನಡುವೆ ಅಂಟಿನ ಪದರ, ಮೂರೂ ಸೇರಿ ಒಂದು. ಒಂದು ಹಾಳೆ ಒಡೆದರೂ ಉಳಿದೆರಡು ಕಾಲನ್ನು ಹಿಡಿದುಕೊಳ್ಳುತ್ತವೆ, ಚೂರು ಅಂಟಿಗೆ ಅಂಟಿಕೊಂಡೇ ಇರುತ್ತದೆ, ಹತ್ತುತ್ತಿದ್ದವರು ಇಳಿದು ಬರಬಹುದು. "ಗಾಜು ಒಡೆಯಲ್ಲ ಅಂತ ಯಾವನು ಹೇಳ್ತಾನೋ ಅವನು ಸುಳ್ಳ. ಒಡೆದಾಗ ಏನು ಉಳಿಯುತ್ತೆ ಅನ್ನೋದೇ ಕೆಲಸ" ಎನ್ನುತ್ತಿದ್ದ. "ಇವನು ಗಾಜನ್ನೇ ಕಟ್ಟಿಕೊಳ್ಳಬೇಕಿತ್ತು" ಎಂದು ಅತ್ತೆ ಗೊಣಗುತ್ತಿದ್ದರು.

ಇಷ್ಟೆಲ್ಲ ಇದ್ದರೂ ಒಂದು ಗುಟ್ಟು ಅವಳೊಳಗೇ ಇತ್ತು. ಎಷ್ಟು ಮೆಟ್ಟಿಲು ಹತ್ತಿದರೂ ಅವಳ ಹೆದರಿಕೆ ಹೋಗಿರಲಿಲ್ಲ. ಪ್ರತಿಸಲವೂ ಹೊಟ್ಟೆಯೊಳಗೆ ಅದೇ ತಳಮಳ, ಅಂಗಾಲಿನಲ್ಲಿ ಅದೇ ಬೆವರು. ಮೂರು ಹಾಳೆಯೋ ಮೂವತ್ತು ಹಾಳೆಯೋ, ಹೆದರಿದ ಹೊಟ್ಟೆಗೆ ಲೆಕ್ಕ ಗೊತ್ತಾಗುವುದಿಲ್ಲ. ಗಂಡ ಕೆಳಗೆ ನಿಂತು ಕೈ ಕಟ್ಟಿಕೊಂಡು, ಮನೆಯ ಹೊಸ್ತಿಲು ದಾಟುವವಳನ್ನು ನೋಡುವಷ್ಟು ನಿರಾಳವಾಗಿ ನೋಡುತ್ತಿದ್ದನಲ್ಲ, ಆ ಮುಖ ನೋಡಿಕೊಂಡೇ ಅವಳು ಇಷ್ಟೂ ಮೆಟ್ಟಿಲು ಹತ್ತಿದ್ದು. ಅದನ್ನು ಅವನಿಗೆ ಹೇಳಿರಲಿಲ್ಲ. ಹೇಳಿದರೆ ಕರೆಯುವುದನ್ನೇ ಬಿಟ್ಟಾನು ಎಂದು ಅವಳಿಗೆ ಭಯ. ಮದುವೆಯಾದ ಮೇಲೆ ಗಂಡನ ಕೆಲಸದಲ್ಲಿ ಅವಳಿಗೆ ಸಿಕ್ಕಿದ ಪಾಲು ಅದೊಂದೇ, ಅದು ಅವಳಿಗೆ ಇಷ್ಟವೂ ಆಗಿತ್ತು.

ಹೀಗಿರುವಾಗ ಮೇಸ್ತ್ರಿಗೆ ದೊಡ್ಡದೊಂದು ಆಫೀಸಿನ ಕೆಲಸ ಬಂತು. ಒಳಗೆ ಕಾಲಿಟ್ಟರೆ ಎದುರಿಗೇ ಮೆಟ್ಟಿಲು, ನಡುವೆ ಒಂದು ತಿರುವು, ಮೇಲೆ ಸಾಲು ಸಾಲು ಮೇಜು. ಅಲ್ಲಿಯ ಮೀಟಿಂಗ್ ಕೋಣೆಗೆ ಪರದೆ ಹೊಲಿಯುವ ಕೆಲಸ ಗಟ್ಟಿಯಕ್ಕನಿಗೇ ಸಿಕ್ಕಿತ್ತು. ಕೆಲಸ ಕೊನೆಗೆ ಬರುತ್ತಿದ್ದಂತೆ ಮೇಸ್ತ್ರಿ ಮೌನಿಯಾದ. ಊಟದ ಹೊತ್ತಿನ ಪುರಾಣ ನಿಂತಿತು. ಅತ್ತೆ, "ಏನಪ್ಪಾ, ಗಾಜಿನ ಜೊತೆ ಮಾತು ಬಿಟ್ಟಿದ್ದೀಯಾ?" ಎಂದು ಕೆಣಕಿದರೂ ನಗಲಿಲ್ಲ. ಆಫೀಸು ಶುರುವಾಗುವ ದಿನ ಹತ್ತಿರ ಬಂತು, ಮೇಸ್ತ್ರಿ ಹೆಂಡತಿಯನ್ನು ಹತ್ತಲು ಕರೆಯಲಿಲ್ಲ. ಇನ್ನೂ ಏನೋ ಬಾಕಿ ಇರಬೇಕು ಎಂದು ಅವಳು ಸುಮ್ಮನಿದ್ದಳು.

ಅಷ್ಟರಲ್ಲಿ ಆಫೀಸಿನ ಮುಂದಿನ ಮೇಜಿನಲ್ಲಿ ಕೂರುವ ಹುಡುಗಿ ಪರದೆ ತೆಗೆದುಕೊಂಡು ಹೋಗಲು ಅಂಗಡಿಗೆ ಬಂದಳು. ಪರದೆ ಮಡಚಿ ಕೊಡುವಾಗ ಹುಡುಗಿ ಮರುಕದಿಂದ ಕೇಳಿದಳು.

"ಅಕ್ಕಾ, ಮಂಡಿ ಹೇಗಿದೆ ಈಗ?"

"ಯಾರ ಮಂಡಿ?"

"ನಿಮ್ಮದೇ. ಮೆಟ್ಟಿಲೆಲ್ಲ ನಿನ್ನೆನೇ ರೆಡಿ ಆಯ್ತಲ್ಲ. ನೀವು ಯಾವಾಗ ಬರ್ತೀರಿ ಅಂತ ಸರ್ ಕೇಳಿದ್ರು, ನಮಗೆಲ್ಲ ನೋಡ್ಬೇಕು ಅಂತ ಆಸೆ. ಮೇಸ್ತ್ರಿಗಳು ಹೇಳಿದ್ರು, ನಿಮಗೆ ಮಂಡಿ ನೋವು, ಎದ್ದು ಓಡಾಡೋಕೂ ಆಗ್ತಿಲ್ಲ ಅಂತ."

ಎದ್ದು ಓಡಾಡಲೂ ಆಗದವಳು ಆಗಷ್ಟೇ ಏಣಿ ಹತ್ತಿ ಅಟ್ಟದಿಂದ ಬಟ್ಟೆಯ ಗಂಟು ಇಳಿಸಿದ್ದಳು. "ಪರವಾಗಿಲ್ಲಮ್ಮ, ವಾಸಿ" ಎಂದು ಮಾತು ಮುಗಿಸಿದಳು. ಗಂಡನ ಮಾತನ್ನು ಹೊರಗಿನವರ ಮುಂದೆ ಸುಳ್ಳು ಮಾಡುವವಳಲ್ಲ ಅವಳು, ಮನೆಯೊಳಗಾದರೆ ಆ ದಾಕ್ಷಿಣ್ಯ ಇಲ್ಲ.

ಹುಡುಗಿ ಹೋದ ಮೇಲೆ ಅವಳು ಅಂಗಡಿಯ ಕನ್ನಡಿಯ ಮುಂದೆ ನಿಂತಳು. ಟೀಚರ್ ಮನೆಯ ಕಾಲಕ್ಕಿಂತ ಈಗ ಮೈ ಇನ್ನಷ್ಟು ಬಂದಿತ್ತು. ಮುಂದಲೆ ನರೆತಿತ್ತು. ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು. ಆ ಆಫೀಸಿನಲ್ಲಿ ಇಸ್ತ್ರಿ ಮುರಿಯದ ಅಂಗಿಯವರು ಓಡಾಡುತ್ತಾರೆ. ಅವರ ಮುಂದೆ ಇವಳನ್ನು ನಿಲ್ಲಿಸಿಕೊಳ್ಳಲು ಗಂಡನಿಗೆ ನಾಚಿಕೆಯಾಗಿದೆ. ಅವಳಿಗೆ ಹೊಳೆದದ್ದು ಇಷ್ಟೇ. ಹೊಳೆದದ್ದೇ ತಡ, ಅದೇ ನಿಜವಾಗಿ ಕೂತುಬಿಟ್ಟಿತು. ಅಲ್ಲೇ ನಿಂತು ಅತ್ತಳು.

ಮನೆಗೆ ಹೋಗಿ ಅತ್ತೆಯ ಮುಂದೆಯೂ ಕಣ್ಣೀರು ಹಾಕಿದಳು. ಅತ್ತೆ ಕಣ್ಣೀರಿಗೆ ಕರಗುವ ಜಾತಿಯಲ್ಲ.

"ನಿನ್ನ ಮುಖಕ್ಕೇನಾಗಿದೆ? ಮದುವೆ ದಿನವೂ ಹೀಗೇ ಇತ್ತು" ಎಂದರು. "ಕರೀಲಿಲ್ಲ ಅಂದ್ರೆ ನಿನ್ನ ಕಾಲು ಬಿದ್ದುಹೋಯ್ತಾ? ನಾಳೆ ಹೋಗು. ಹತ್ತಿ, ಮೇಲೆ ನಿಂತು, ನನ್ನ ಮಗನ ಮುಖ ನೋಡಿ ಬಾ."

ಅವಳು ಹೋದಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ತಲೆ ನೀಟಾಗಿ ಬಾಚಿ, ಮಂಡಿ ನೋವಿನವಳು ನಡೆಯದಷ್ಟು ಬಿರಬಿರನೆ ಹೋದಳು. ಅದರ ಮಾರನೆಯ ದಿನ ಆಫೀಸಿನ ಉದ್ಘಾಟನೆ ಇತ್ತು, ಎಲ್ಲರೂ ಕೆಳಗಿನ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಮುಂದಿನ ಮೇಜಿನ ಹುಡುಗಿ ಅವಳನ್ನು ನೋಡಿದ್ದೇ, "ಗಟ್ಟಿಯಕ್ಕ ಬಂದ್ರು!" ಎಂದು ಕೂಗಿದಳು. ಆಫೀಸಿನ ಯಜಮಾನರು ತಾವೇ ಬಂದು, "ಬನ್ನಿ ಬನ್ನಿ, ನಿಮ್ಮದೇ ಕೊರತೆ ಇತ್ತು" ಎಂದು ಆದರದಿಂದ ಕರೆದರು. ಮೆಟ್ಟಿಲ ಬದಿಯ ಕಂಬಿ ಉಜ್ಜುತ್ತಿದ್ದ ಮೇಸ್ತ್ರಿ ಬಟ್ಟೆ ಕೆಳಗೆ ಬಿಟ್ಟು ಎದ್ದು ನಿಂತ.

"ನೀನ್ಯಾಕೆ ಬಂದೆ? ಮಂಡಿ ನೋವಲ್ವಾ?"

"ನೋವು ನಿಮಗಿರಬೇಕು. ನನಗೇನಿಲ್ಲ."

ಜನ ನಕ್ಕರು. ಮೇಸ್ತ್ರಿ ನಗಲಿಲ್ಲ. ಅವಳು ಚಪ್ಪಲಿ ಬಿಟ್ಟು, ಕಂಬಿ ಹಿಡಿದು, ಹತ್ತಲು ಶುರು ಮಾಡಿದಳು. ಹುಡುಗಿ ಫೋಟೋ ತೆಗೆಯಲು ಫೋನು ಎತ್ತಿದಳು. ಅಂಗಾಲಿಗೆ ಒರಟು ಗೆರೆ ಸಿಕ್ಕಿತು, ಗಾಜು ತಣ್ಣಗಿತ್ತು. ಅಭ್ಯಾಸದಂತೆ ಗಂಡನ ಮುಖ ನೋಡೋಣ ಎಂದು ತಿರುಗಿದರೆ ಗಂಡ ನಿಂತ ಜಾಗದಲ್ಲಿ ಇರಲಿಲ್ಲ. ದಡಬಡ ಅವಳ ಹಿಂದೆಯೇ ಹತ್ತಿ ಬರುತ್ತಿದ್ದ. ತಿರುವಿನ ಮೆಟ್ಟಿಲಿಗೆ ಅವಳು ಕಾಲೆತ್ತುವಷ್ಟರಲ್ಲಿ ರಟ್ಟೆ ಹಿಡಿದ.

"ಬೇಡ ಕಣೇ. ಅದರ ಮೇಲೆ ಕಾಲಿಡಬೇಡ."

ಮೆಲ್ಲಗೇ ಹೇಳಿದ್ದ. ಆದರೆ ಗಾಜು, ಕಲ್ಲು ಬಿಟ್ಟರೆ ಬೇರೇನೂ ಇಲ್ಲದ ಹಾಲ್‌ನಲ್ಲಿ ಮೆಲುಮಾತು ಎಲ್ಲಿ ಅಡಗುತ್ತದೆ? ಕುರ್ಚಿ ಎಳೆಯುವ ಸದ್ದು ನಿಂತಿತು. ಅವಳು ಗಂಡನ ಮುಖ ನೋಡಿದಳು. ರಕ್ತ ಇಳಿದುಹೋಗಿತ್ತು. ಅದು ಹೆಂಡತಿಯ ಬಗ್ಗೆ ನಾಚಿಕೊಂಡವನ ಮುಖವಲ್ಲ, ಹೆದರಿದವನ ಮುಖ. ಇಷ್ಟು ವರ್ಷ ಅವಳು ಹೊತ್ತಿದ್ದ ಹೆದರಿಕೆಯನ್ನೆಲ್ಲ ಅವನು ಒಂದೇ ಕ್ಷಣದಲ್ಲಿ ಹೊತ್ತುಕೊಂಡ ಹಾಗಿದ್ದ.

"ಏನಾಗಿದೆ ಇದಕ್ಕೆ?" ಎಂದಳು.

"ಒಂದೇ ಹಾಳೆ ಇದು. ಮೂರು ಹಾಳೆದು ಎತ್ತುವಾಗ ಮೂಲೆ ತಾಗಿ ಬಿರುಕು ಬಿಡ್ತು. ಹೊಸದು ಮಾಡಿ ಕಳಿಸೋಕೆ ಎರಡು ವಾರ ಬೇಕು ಅಂದ್ರು. ಇಲ್ಲಿ ಉದ್ಘಾಟನೆ ಮುಂದಕ್ಕೆ ಹೋಗಲ್ಲ. ಅದಕ್ಕೆ ಒಂದು ದಪ್ಪನೆ ಟಫನ್ ಗ್ಲಾಸ್, ಕಾಯಿಸಿ ಗಟ್ಟಿ ಮಾಡಿದ್ದು, ತಂದು ಕೂರಿಸ್ದೆ. ಹೊಸದು ಬಂದ ತಕ್ಷಣ ಬದಲಾಯಿಸೋಣ ಅಂತಿದ್ದೆ."

ಯಜಮಾನರು ಕೆಳಗಿನಿಂದಲೇ ಕೇಳಿದರು. "ಏನು ಮೇಸ್ತ್ರಿ, ಒಡೆದುಹೋಗುತ್ತಾ ಅದು?"

ಮೇಸ್ತ್ರಿ ಅವರ ಕಡೆ ತಿರುಗಿದ. "ಇವತ್ತು ಒಡೆಯಲ್ಲ ಸರ್. ಇವಳಂಥ ಇಬ್ಬರು ನಿಂತ್ರೂ ತಡೆಯುತ್ತೆ. ಆದ್ರೆ ಯಾವತ್ತೋ ಯಾರ ಕೈಯಿಂದಲೋ ಏನಾದ್ರೂ ಜಾರಿ ಅಂಚಿಗೆ ಬಡೀತು ಅನ್ನಿ, ಪೂರ್ತಿ ಒಂದೇ ಸಲ ಪುಡಿ. ಕೆಳಗೆ ಕಾಲು ಹಿಡ್ಕೊಳ್ಳೋಕೆ ಇನ್ನೊಂದು ಹಾಳೆ ಇಲ್ಲ."

ಗಟ್ಟಿಯಕ್ಕ ಎತ್ತಿದ್ದ ಕಾಲನ್ನು ಕೆಳಗಿಟ್ಟಳು.

"ಅಂದ್ರೆ ನಾನು ಕಾಲಿಡಬಾರದು."

"ಬೇಡ."

"ಸರಿ. ಇವರು?"

ಮೇಸ್ತ್ರಿ ಕೆಳಗೆ ನೋಡಿದ. ಫೋನು ಹಿಡಿದ ಹುಡುಗಿ, ಕುರ್ಚಿ ಹೊತ್ತವರು, ಚಹಾದ ಲೋಟ ಹಿಡಿದವರು, ಎಲ್ಲರೂ ತಲೆ ಎತ್ತಿ ನಿಂತಿದ್ದರು. ನಾಳೆಯಿಂದ ಇವರೆಲ್ಲ ದಿನಕ್ಕೆ ಎಷ್ಟೋ ಸಲ ಹತ್ತಿ ಇಳಿಯುವವರು.

ಯಜಮಾನರು ಕೆಟ್ಟವರಲ್ಲ. ಅವಸರದಲ್ಲಿದ್ದರು, ಅಷ್ಟೇ. "ಎರಡು ವಾರ ತಾನೇ?" ಎಂದರು. "ಒಂದು ಕಾರ್ಪೆಟ್ ಹಾಸಿಬಿಡೋಣ, ನೋಡೋಕೂ ಚೆನ್ನಾಗಿರುತ್ತೆ. ಆ ಮೆಟ್ಟಿಲ ಹತ್ರ ಸ್ವಲ್ಪ ಹುಷಾರು ಅಂತ ಎಲ್ಲರಿಗೂ ಹೇಳ್ತೀನಿ. ನೀವೇ ತಡೆಯುತ್ತೆ ಅಂದ್ರಲ್ಲ."

ಮೇಸ್ತ್ರಿ ಇನ್ನೇನು ಹೂಂ ಅನ್ನುವವನಿದ್ದ. ಅವಳಿಗೆ ಅದು ಕಂಡಿತು. ಇಪ್ಪತ್ತು ವರ್ಷ ಒಂದೇ ತಟ್ಟೆಯ ಎದುರು ಕೂತವಳಿಗೆ ಗಂಡನ ಹೂಂ ಗಂಟಲಿಗೆ ಬರುವ ಮೊದಲೇ ಕಾಣುತ್ತದೆ. ಬೇರೆ ದಿನವಾಗಿದ್ದರೆ ಅಲ್ಲೇ ಜಾಡಿಸಿಬಿಡುತ್ತಿದ್ದಳು. ಅವತ್ತು ಏನೂ ಹೇಳಲಿಲ್ಲ. ಅವನ ಕೈಯಲ್ಲಿ ಇನ್ನೂ ಇದ್ದ ತನ್ನ ರಟ್ಟೆಯನ್ನು ಬಿಡಿಸಿಕೊಂಡು, ಪಕ್ಕಕ್ಕೆ ಸರಿದು, ಸುಮ್ಮನೆ ಅವನನ್ನೇ ನೋಡುತ್ತ ನಿಂತಳು. ಗಟ್ಟಿಯಕ್ಕ ಬಾಯಿ ಮುಚ್ಚಿಕೊಂಡು ನಿಲ್ಲುವುದೆಂದರೆ ಆ ಸಂಸಾರದಲ್ಲಿ ಸಣ್ಣ ವಿಷಯವಲ್ಲ.

ಮೇಸ್ತ್ರಿ ಕೆಳಗಿಳಿದು ಹೋದ. ತಿರುವಿನ ಕೆಳಗೆ ನಿಂತಿದ್ದವರನ್ನು ದೂರ ಕಳಿಸಿದ, ಅಲ್ಲಿದ್ದ ಕುರ್ಚಿಗಳನ್ನು ಎಳೆದು ಬದಿಗಿಟ್ಟ, ನೆಲಕ್ಕೆ ದಪ್ಪ ತಾಡಪಾಲು ಹಾಸಿದ. ಚೀಲದಿಂದ ಸುತ್ತಿಗೆ, ಒಂದು ಚೂಪಾದ ಉಕ್ಕಿನ ಮೊಳೆ ತೆಗೆದುಕೊಂಡು, ಕಣ್ಣಿಗೆ ಕೆಲಸದ ಕನ್ನಡಕ, ಕೈಗೆ ಗ್ಲೌಸು ಹಾಕಿಕೊಂಡು ಮೇಲೆ ಬಂದ.

"ನೀನು ಕೆಳಗೆ ಹೋಗು. ಮುಖ ಆ ಕಡೆ ಮಾಡು."

"ಏನ್ ಮಾಡ್ತಿದ್ದೀರಿ ಮೇಸ್ತ್ರಿ?" ಎಂದು ಯಜಮಾನರು ಕೇಳುವುದಕ್ಕೂ ಅವನು ಗಾಜಿನ ಮೂಲೆಗೆ ಮೊಳೆ ಇಟ್ಟು ಒಂದೇ ಏಟು ಹೊಡೆಯುವುದಕ್ಕೂ ಸರಿಹೋಯಿತು. ದೊಡ್ಡ ಏಟೇನಲ್ಲ, ಗೋಡೆಗೆ ಕ್ಯಾಲೆಂಡರ್ ತೂಗುಹಾಕಲು ಹೊಡೆಯುವಷ್ಟು. ಢಬ್ ಎಂದಿತು. ಮೆಟ್ಟಿಲು ಪೂರ್ತಿ ಬೆಳ್ಳಗಾಗಿ, ಸಕ್ಕರೆಯ ಮೂಟೆ ಬಾಯಿ ಬಿಚ್ಚಿಕೊಂಡ ಹಾಗೆ ಸುರಿದುಹೋಯಿತು. ಮೆಟ್ಟಿಲಿದ್ದ ಕಡೆ ಉಕ್ಕಿನ ಚೌಕಟ್ಟು ಮಾತ್ರ ಉಳಿಯಿತು. ಅದರ ನಡುವೆ ಕೆಳಗಿನ ನೆಲ ಕಾಣುತ್ತಿತ್ತು.

ಯಜಮಾನರು ಬಂದು, ಕೆಳಗಿನಿಂದ ಆ ತೂತನ್ನು ನೋಡಿದರು, ತಾಡಪಾಲಿನ ಮೇಲಿನ ಗುಡ್ಡೆ ನೋಡಿದರು.

"ಕಾರ್ಪೆಟ್ಟೂ ಅದರೊಳಗೇ ಇಳಿದುಹೋಗ್ತಿತ್ತು" ಎಂದರು ಕೊನೆಗೆ. ಆಮೇಲೆ, "ನಾಳೆ ಎಲ್ಲರೂ ಹಿಂದಿನ ಮೆಟ್ಟಿಲಿಂದ ಹತ್ತೋಣ. ಇಲ್ಲಿಗೊಂದು ಹಗ್ಗ ಕಟ್ಟಿ" ಎಂದು ಹೇಳಿ ಹೊರಟುಹೋದರು. ಅವರ ಸಿಟ್ಟು ನಡಿಗೆಯಲ್ಲಿ ಕಾಣುತ್ತಿತ್ತು, ಮಾತಿನಲ್ಲಿ ಬರಲಿಲ್ಲ.

ಜನ ಚದುರಿದರು. ಗಂಡಹೆಂಡಿರು ಇಬ್ಬರೇ ಉಳಿದರು. ಅವಳು ಎಲ್ಲಿಂದಲೋ ಪೊರಕೆ, ಮೊರ ಹುಡುಕಿಕೊಂಡು ಬಂದು ಗುಡಿಸಲು ಕೂತಳು. ಅವನು ದಪ್ಪ ಚೀಲದ ಬಾಯಿ ಅಗಲಿಸಿ ಹಿಡಿದ.

"ನನ್ನನ್ನ ಇವರ ಮುಂದೆ ನಿಲ್ಲಿಸ್ಕೊಳ್ಳೋಕೆ ನಿಮಗೆ ನಾಚಿಕೆ ಅಂದ್ಕೊಂಡಿದ್ದೆ" ಎಂದಳು ತಲೆ ಎತ್ತದೆ. "ನಿನ್ನೆ ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ಅತ್ತಿದ್ದೀನಿ."

"ಅಯ್ಯೋ ಹುಚ್ಚಿ" ಎಂದ ಮೇಸ್ತ್ರಿ. ಆಮೇಲೆ ಹೇಳಿದ: "ನಿನ್ನ ಕಾಲು ಅದರ ಮೇಲೆ ಬರುತ್ತೆ ಅಂದಾಗ ಜೀವ ಬಾಯಿಗೆ ಬಂತು, ಓಡಿ ಬಂದೆ. ನಾಳೆ ಆ ಹುಡುಗಿ ಹತ್ತಿದ್ರೆ ಸುಮ್ಮನೆ ನಿಂತು ನೋಡ್ತಿದ್ದೆ. ಅವಳೂ ಯಾರದ್ದೋ ಮನೆಯವಳೇ ಅಲ್ವಾ? ಅದನ್ನ ಅರಗಿಸ್ಕೊಳ್ಳೋಕೆ ಆಗ್ತಿಲ್ಲ ಕಣೇ."

ಅವಳು ಮೊರ ಎತ್ತಿ ಚೂರುಗಳನ್ನು ಚೀಲಕ್ಕೆ ಸುರಿದಳು. ಅವನ ಕೈಗೆ ಒಂದು ಚೂರು ಅಂಟಿಕೊಂಡಿತ್ತು, ಅದನ್ನೂ ಸೆರಗಿನ ತುದಿಯಿಂದ ಒರೆಸಿ ತೆಗೆದಳು.

"ಅರಗಿಸ್ಕೋಬೇಡಿ" ಎಂದಳು. "ಹಾಗೇ ಇಟ್ಕೊಳ್ಳಿ."